ಭಾವನ ಹೊಟ್ಟೆಯೊಳಗೆ ಹಸಿರು ಉಂಗುರ

ಅಕ್ಕಾ,

ಆಪರೇಷನ್ನಿನ ಒಟ್ಟು ಖರ್ಚು ನಾಲ್ಕು ತೂತು, ಮೂರು ಗಂಟೆ, ಕಲ್ಲು ತುಂಬಿದ್ದ ಭಾವನ ಪಿತ್ತಕೋಶ. ಭಾವ ಕ್ಷೇಮ.

"ಆಪರೇಷನ್ ಮಾಡೋ ಆ ಯಂತ್ರಕ್ಕೆ ಕಣ್ಣಿದ್ಯೇನೋ?" ಅಂತ ಅಳುತ್ತಿದ್ದೆಯಲ್ಲ, ಇದೆ. ಯಂತ್ರದ ಕೈಗಳನ್ನು ಆಡಿಸಿದ ಡಾಕ್ಟರಮ್ಮ ವಿಡಿಯೊ ತೋರಿಸಿದರು. ಒಳಗಿನ ಕ್ಯಾಮೆರಾ ನೋಡಿದ್ದನ್ನೇ ನಂಬಿ, ಕತ್ತರಿ ಎಲ್ಲಿದೆ ಎಂದು ತೋರಿಸಲು ಯಂತ್ರವು ಪರದೆಯಲ್ಲಿ ಅದರ ತುದಿಗೆ ಹಸಿರು ಉಂಗುರ ಹಾಕುತ್ತದೆ. ಒಮ್ಮೆ ಕತ್ತರಿಗೆ ರಕ್ತ ಮೆತ್ತಿತು. ಉಂಗುರ ಹೋಗಿ ಪಕ್ಕದಲ್ಲಿ ಹೊಳೆಯುತ್ತಿದ್ದ ಲಿವರಿನ ಮೇಲೆ ಕೂತಿತು. ಡಾಕ್ಟರಮ್ಮ ಕೈ ನಿಲ್ಲಿಸಿ, ಕತ್ತರಿ ತೊಳೆಸಿ, ಉಂಗುರ ಅದರ ತುದಿಗೆ ಮರಳುವವರೆಗೂ ಕಾದರು.

"ಅದಕ್ಕೆ ದಾರಿ ತಪ್ಪಿದ್ರೆ ನಾನು ಕೈ ಆಡಿಸಲ್ಲ," ಅಂದರು.

ಹಾಸಿಗೆಯಿಂದ ಭಾವ, "ನಿಮ್ಮಕ್ಕನಿಗೂ ಸ್ವಲ್ಪ ಕಾಯೋದು ಕಲಿಸಯ್ಯಾ!"

ಶುಕ್ರವಾರ ಬರುತ್ತೇವೆ, ಅಡುಗೆಗೆ ಎಣ್ಣೆ ಕಡಿಮೆ ಹಾಕು. ಡಾಕ್ಟರಮ್ಮನಿಗೆ ಎಂಟು ಕಲ್ಲು, ಭಾವನಿಗೆ ನಾಲ್ಕು ಹೊಲಿಗೆ, ನಿನಗೆ ಜಗಳಕ್ಕೆ ಗಂಡ.

ನಿನ್ನ ತಮ್ಮ