ಗೇಟಿನ ಬಳಿಯ ತಗಡಿನ ಶೆಡ್ಡು ಮತ್ತು ನಲವತ್ತೊಂದು ಬೀಗಗಳು

ಬಡಾವಣೆಗಳ ನಕ್ಷೆಗೆ ಮೊಹರು ಒತ್ತುವ, ಮನೆಗಳ ಬೆಲೆಗೆ ದರ್ಜೆ ಕಟ್ಟುವ ಅಧಿಕಾರಿಗಳಿಗೆ,

ಮಾನ್ಯರೇ,

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿರುವ ಕನಕಾಂಬರಿ ವಿಲ್ಲಾಸ್ ಎಂಬ ಬಡಾವಣೆಯ ಗೇಟಿನ ಪಕ್ಕದ ತಗಡಿನ ಶೆಡ್ಡನ್ನು ಹದಿನೈದು ದಿನಗಳೊಳಗೆ ತೆರವುಗೊಳಿಸಬೇಕೆಂದು ತಾವು ಹೊರಡಿಸಿದ ನೋಟೀಸು ಕಳೆದ ಸೋಮವಾರ ಅದರ ಬಾಗಿಲಿಗೆ ಬಂದು ಅಂಟಿದೆ. ಆ ಶೆಡ್ಡಿನಲ್ಲಿ ಕಾವಲುಗಾರ ಮಲೀಕಸಾಬರೂ ಅವರ ಹೆಂಡತಿ ಶಮಶಾದಬಿಯೂ ಎಂಟು ವರ್ಷಗಳಿಂದ ಇದ್ದಾರೆ. ಅವರು ಹೋದರೆ ನಲವತ್ತೆರಡು ಮನೆಗಳ ಈ ಬಡಾವಣೆಯಲ್ಲಿ ಉಸಿರಾಡುವ ಜೀವ ಒಂದೇ ಉಳಿಯುತ್ತದೆ. ಅದು ನಾನು. ಅವರನ್ನು ಎಬ್ಬಿಸಬೇಡಿ ಎಂದು ಕೇಳಲು, ಪತ್ರಿಕೆಯ ಮೂಲಕ, ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಸರು ಮಹಾನಂದಾ. ಹುನಗುಂದದ ನ್ಯಾಯಾಲಯದಲ್ಲಿ ಗುಮಾಸ್ತಳಾಗಿ ಸೇರಿ, ಮೂವತ್ತೊಂದು ವರ್ಷ ದುಡಿದು, ಶಿರಸ್ತೇದಾರಳಾಗಿ ನಿವೃತ್ತಳಾದೆ. ಹುಟ್ಟಿದ್ದು ಇಳಕಲ್ಲಿನ ಮಗ್ಗದ ಓಣಿಯಲ್ಲಿ. ಅಪ್ಪನ ಕಾಲದ ಕೈಮಗ್ಗ ಹೋಗಿ ಪವರ್‌ಲೂಮು ಬಂದ ಮೇಲೆ ಅದರ ಖಟಪಟಕ್ಕೆ ನನ್ನ ತಲೆ ಚಿಟ್ಟು ಹಿಡಿದಿತ್ತು. ನಾನು ಮದುವೆಯಾಗಲಿಲ್ಲ. ಅದರ ಕುರಿತು ಓಣಿಯ ಪ್ರತಿ ಮನೆಗೂ ಒಂದು ಅಭಿಪ್ರಾಯವಿತ್ತು, ಅದನ್ನು ಕಟ್ಟೆಯ ಮೇಲೆ ಕುಳಿತು ನನಗೆ ಕೇಳುವಂತೆಯೇ ಹೇಳುವ ಪದ್ಧತಿಯೂ ಇತ್ತು. ಹಾಗಾಗಿ ಜಾಹೀರಾತಿನಲ್ಲಿ 'ಪ್ರಶಾಂತ ಪರಿಸರ, ಆಯ್ದ ನೆರೆಹೊರೆ, ಭದ್ರ ಆವರಣ' ಎಂದು ಓದಿದಾಗ ನನಗಾಗಿಯೇ ಬರೆದಂತಿತ್ತು. ನಿವೃತ್ತಿಯಲ್ಲಿ ಬಂದದ್ದನ್ನೂ ಓಣಿಯ ಮನೆಯ ಪಾಲನ್ನೂ ಸುರಿದು, ಇಲ್ಲಿನ ಅತಿ ಸಣ್ಣ ಮನೆಯನ್ನು, ಮೂಲೆಯ ಮನೆಯನ್ನು, ಕೊಂಡೆ.

ನಲವತ್ತೆರಡೂ ಮಾರಾಟವಾಗಿವೆ ಎಂದು ಹೇಳಿದ್ದರು. ಸುಳ್ಳಲ್ಲ, ಮಾರಾಟವಾಗಿದ್ದವು. ಆದರೆ ನಮ್ಮ ಕಡೆ ಮನೆ ಕೊಂಡವರು ಬಂದು ಇರುತ್ತಾರೆ ಎಂಬುದು ಕೇಳಿ ಖಾತ್ರಿ ಮಾಡಿಕೊಳ್ಳುವ ವಿಷಯವಲ್ಲ. ನಾನೂ ಕೇಳಲಿಲ್ಲ. ಮೊದಲ ವರ್ಷ ಹತ್ತೊಂಬತ್ತು ಗೃಹಪ್ರವೇಶಗಳ ಊಟ ಉಂಡೆ. ಗ್ರಾನೈಟಿನವರು, ಸೀರೆಯ ಸಗಟು ವ್ಯಾಪಾರದವರು, ಬಾಗಲಕೋಟೆಯ ಇಬ್ಬರು ಡಾಕ್ಟರು, ಬಾದಾಮಿಯಲ್ಲಿ ಲಾಡ್ಜ್ ಇಟ್ಟವರೊಬ್ಬರು. ಹಾಲು ಉಕ್ಕಿಸಿದರು, ಹೋಳಿಗೆ ಬಡಿಸಿದರು, ನನ್ನ ಕೈ ಹಿಡಿದು 'ಇನ್ನ ನಾವು ಬಾಜೂಕಿನವರು' ಎಂದರು, ಸಂಜೆಗೆ ಬೀಗ ಹಾಕಿಕೊಂಡು ತಮ್ಮ ತಮ್ಮ ಊರಿಗೆ ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ಮನೆ ಅವರಿಗೆ ಇರುವ ಜಾಗವಲ್ಲ, ಬೆಲೆ ಏರುವ ಜಾಗ ಎಂದು ನನಗೆ ತಿಳಿಯಲು ಎರಡು ದೀಪಾವಳಿ ಬೇಕಾದವು.

ನನ್ನ ಎದುರಿನ ಹದಿನೇಳನೇ ನಂಬರಿನ ಮನೆಯನ್ನೇ ತೆಗೆದುಕೊಳ್ಳಿ. ನಾಲ್ಕು ವರ್ಷಗಳಲ್ಲಿ ಮೂರು ಕೈ ಬದಲಾಯಿಸಿದೆ. ಅರವತ್ತೆಂಟು ಲಕ್ಷಕ್ಕೆ ಹೋದದ್ದು ಈಗ ಮೊಬೈಲಿನ ಜಾಹೀರಾತಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ, 'ಮಾತುಕತೆಗೆ ಅವಕಾಶವಿದೆ' ಎಂಬ ಔದಾರ್ಯದೊಂದಿಗೆ. ಅಡಿಗೆಮನೆಯ ಸಿಂಕಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿಲ್ಲ. ಅಲ್ಲಿ ಒಂದು ಲೋಟ ತೊಳೆದವರಿಲ್ಲ, ಒಂದು ಮಗು ಬಿದ್ದು ಅತ್ತದ್ದಿಲ್ಲ. ಹಾಗಾದರೆ ಏರಿದ್ದು ಏನು? ತಾವು ಎರಡು ಸಲ ಮಾರ್ಗಸೂಚಿ ಬೆಲೆ ಏರಿಸಿದಿರಲ್ಲ, ಸ್ಥಳಕ್ಕೆ ಬಂದು ನೋಡಿದ್ದಿರಾ? ತಮ್ಮ ಕಚೇರಿಯ ಜೀಪು ಒಮ್ಮೆ ಬಂದಿತ್ತು ನಿಜ. ಗೇಟಿನಲ್ಲಿ ತಿರುಗಿಸಿಕೊಂಡು ಹೋಯಿತು. ಅದನ್ನು ತಮ್ಮ ಕಡತದಲ್ಲಿ 'ಖುದ್ದು ಪರಿಶೀಲನೆ' ಎಂದು ಬರೆದಿದ್ದಾರೆ. ಜೀಪಿನ ಮಟ್ಟಿಗೆ ಅದು ಖುದ್ದೇ.

ಸಂಜು ಎಂಬ ಏಜೆಂಟ್ ಒಬ್ಬ ಗಿರಾಕಿಗಳನ್ನು ಕರೆತರುತ್ತಾನೆ. ಕೆಟ್ಟ ಹುಡುಗನಲ್ಲ. ಒಮ್ಮೆ ನಾನು ತುಳಸಿಗೆ ನೀರು ಹಾಕುತ್ತಿದ್ದಾಗ ನನ್ನ ಕಡೆ ಕೈ ಮಾಡಿ, 'ನೋಡ್ರಿ ಸರ, ಫ್ಯಾಮಿಲಿ ಬಂದ ಇರಾಕತ್ಯಾವು' ಎಂದ. ಫ್ಯಾಮಿಲಿಗಳು ಎಂದರೆ ನಾನು. ಅವರು ಹೋದ ಮೇಲೆ ಬಂದು, 'ಅಕ್ಕಾರ, ಗಿರಾಕಿ ಬರೂ ಹೊತ್ತಿನ್ಯಾಗ ಒಂದೀಟ ಅಂಗಳದಾಗ ಅಡ್ಡಾಡ್ರಿ. ಮನಿ ಲಗೂನ ಹೋಗತಾವು' ಎಂದು ಕೇಳಿಕೊಂಡ. ಬೈದು ಕಳಿಸಬೇಕಿತ್ತು. ನಾನು ಮರುದಿನ ಟೋಪತೆನಿ ಸೆರಗಿನ ಇಳಕಲ್ ಸೀರೆ ಉಟ್ಟು ಅಡ್ಡಾಡಿದೆ. ಯಾರಾದರೂ ನನ್ನನ್ನು ನೋಡಿಯಾದರೂ ಬಂದು ಇದ್ದಾರು ಎಂಬ ಆಸೆ, ಸ್ವಾಮಿ. ಒಂಟಿತನ ಬಂದರೆ ಮನುಷ್ಯರಿಗೆ ಮಾನದ ಲೆಕ್ಕ ತಪ್ಪುತ್ತದೆ.

ಬಂದ ಮೊದಲ ವರ್ಷದ ವಿಜಯದಶಮಿಯ ದಿನ, ನಮ್ಮ ಪದ್ಧತಿಯಂತೆ, ಬನ್ನಿ ಎಲೆ ತೆಗೆದುಕೊಂಡು ಮನೆ ಮನೆಗೆ ಹೊರಟೆ. ಬೀಗ ಇರುತ್ತದೆಂದು ಗೊತ್ತಿತ್ತು, ಆದರೂ ಹಬ್ಬಕ್ಕಾದರೂ ನಾಲ್ಕು ಜನ ಬಂದಿರಬಹುದು ಎಂದುಕೊಂಡೆ. ನಲವತ್ತೊಂದು ಗೇಟುಗಳ ಮುಂದೆ ನಿಂತೆ. ಕೆಲವು ಕಡೆ ಕ್ಯಾಮೆರಾ ನನ್ನ ಕಡೆ ಕತ್ತು ತಿರುಗಿಸಿತು, ಅಷ್ಟೇ ಸ್ವಾಗತ. ಎಲೆಗಳು ಹಾಗೇ ಕೈಯಲ್ಲಿ ಉಳಿದಿದ್ದವು. ಮುಖ್ಯ ಗೇಟಿನ ಹತ್ತಿರ ಬಂದಾಗ ಮಲೀಕಸಾಬರು ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿ, 'ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಬಾಯಾರ' ಎಂದರು. ಕೊಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಆ ದಿನ ನನ್ನನ್ನು ಮಾತಾಡಿಸಿದವರು ಅವರೊಬ್ಬರೇ. ಇದನ್ನು ನೆನಪಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಬಡಾವಣೆಯ ಮಾಲೀಕರ ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನಾನು ದಿನವೂ ಶುಭೋದಯ ಹೇಳುತ್ತಿದ್ದೆ. ಎರಡು ವರ್ಷ ಯಾರೂ ತಿರುಗಿ ಹೇಳಲಿಲ್ಲ. ಹೀಗಿರುವಾಗ ಒಂದು ದಿನ ಸಂಘದ ಅಧ್ಯಕ್ಷರೇ ಫೋನು ಮಾಡಿದರು. 'ಮೇಡಂ, ನೀವು ಕೋರ್ಟಿನ್ಯಾಗ ಇದ್ದವರು, ಭಾಳ ಛಲೋ ಬರೀತೀರಂತ. ಗೇಟಿನ ಹತ್ರ ಆ ತಗಡಿನ ಶೆಡ್ಡ ಐತೆಲ್ಲ, ಫೋಟೋದಾಗ ಅದ ಮೊದಲ ಕಾಣತೈತಿ. ರೇಟಿಗೆ ಹೊಡತ ಬೀಳಾಕತ್ತೈತಿ. ಒಂದು ಅರ್ಜಿ ಬರದ ಕೊಡ್ರಿ' ಎಂದರು. ನಮ್ಮ ಮಾತು ಇಪ್ಪತ್ತು ನಿಮಿಷ ನಡೆಯಿತು. ನನ್ನ ಆರೋಗ್ಯ ಕೇಳಿದರು. ಊಟ ಆತೇನ್ರಿ ಎಂದರು.

ಬರೆದೆ. ಬರೆಯುವುದೆಂದರೆ ಸುಮ್ಮನೆ ಬರೆಯಲಿಲ್ಲ. ಮೂರು ಸಲ ತಿದ್ದಿದೆ. ಮೂವತ್ತೊಂದು ವರ್ಷ ಇನ್ನೊಬ್ಬರ ಬಾಯಿಮಾತನ್ನು ಕಾಗದಕ್ಕೆ ಇಳಿಸಿದ ಕೈ, ಮೊದಲ ಸಲ ನನ್ನ ಸ್ವಂತ ವಾಕ್ಯ ಬರೆಯಿತು. 'ಸದರಿ ತಗಡಿನ ಆಕೃತಿಯು ಬಡಾವಣೆಯ ಘನತೆಗೂ ಮಾರುಕಟ್ಟೆ ಮೌಲ್ಯಕ್ಕೂ ಕುಂದು ತರುವಂಥದ್ದಾಗಿದ್ದು, ಸಭ್ಯ ನಾಗರಿಕರ ದೃಷ್ಟಿಗೆ ಅಸಹ್ಯವೂ, ಈವರೆಗೆ ಕೇವಲ ಔದಾರ್ಯದಿಂದ ಸಹಿಸಲ್ಪಟ್ಟ ಅತಿಕ್ರಮಣವೂ ಆಗಿರುತ್ತದೆ.' ಗುಂಪಿನಲ್ಲಿ ಹಾಕಿದಾಗ ಇಪ್ಪತ್ತೇಳು ಜನ ಹೆಬ್ಬೆರಳು ಎತ್ತಿದರು. ಒಬ್ಬರು 'ಸೂಪರ್ ಮೇಡಂ' ಎಂದರು. ನಾನು ಅದನ್ನು ಎಷ್ಟು ಸಲ ತೆಗೆದು ನೋಡಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೌದು ಮಾನ್ಯರೇ. ತಮ್ಮ ನೋಟೀಸಿನ ಎರಡನೇ ಪರಿಚ್ಛೇದ ನನ್ನದು. ತಾವು ಒಂದು ಅಲ್ಪವಿರಾಮವನ್ನೂ ಬದಲಿಸಿಲ್ಲ.

ಅರ್ಜಿ ಕೊಟ್ಟ ಮೇಲೆ ತಮ್ಮ ಕಚೇರಿ ಅದರ ಮೇಲೆ ಹದಿನಾಲ್ಕು ತಿಂಗಳು ಕುಳಿತಿತ್ತು. ಸಂಘದವರು ತಮ್ಮ ವಿಳಂಬಕ್ಕೆ ಹಲ್ಲು ಕಡಿದರು. ನಾನು ಮಾತ್ರ ತಮಗೆ ಋಣಿ. ಬಹುಶಃ ಕಡತ ಮುಂದೆ ಹೋಗದೆ ಇದ್ದುದಕ್ಕಾಗಿ ಸರಕಾರಕ್ಕೆ ಕೈಮುಗಿದ ಮೊದಲ ನಾಗರಿಕಳು ನಾನೇ ಇರಬೇಕು. ಏಕೆಂದರೆ ಆ ಹದಿನಾಲ್ಕು ತಿಂಗಳಲ್ಲಿ ನನಗೆ ಶಮಶಾದಬಿ ಸಿಕ್ಕರು.

ಜಗಳಕ್ಕೆಂದೇ ಹೋಗಿದ್ದೆ. ಶಮಶಾದಬಿ ಇಳಕಲ್ಲಿನ ಮಗ್ಗದವರಿಂದ ನೂಲು ತಂದು ಲಾಳಿಗೆ ಹಾಕುವ ಕಂಡಿಕೆ ಸುತ್ತಿಕೊಡುತ್ತಾರೆ. ಆ ರಾಟಿಯ ಸದ್ದು ಮಧ್ಯಾಹ್ನವಿಡೀ ನನ್ನ ಮನೆಯವರೆಗೆ ಬರುತ್ತಿತ್ತು. ಪ್ರಶಾಂತ ಪರಿಸರಕ್ಕೆ ಕಾಸು ಕೊಟ್ಟವಳು ನಾನು, ಕೇಳುವ ಹಕ್ಕಿದೆ ಎಂದುಕೊಂಡು ಹೋದೆ. ಅವರು ಸಿಕ್ಕಾದ ನೂಲಿನ ಲಡಿಯೊಂದನ್ನು ಮೊಣಕಾಲಿಗೆ ಸಿಗಿಸಿಕೊಂಡು ಒದ್ದಾಡುತ್ತಿದ್ದರು. ನನ್ನನ್ನು ನೋಡಿ, 'ಛಲೋ ಆತು ಬಂದ್ರಿ. ಕೂಡ್ರಿ ಬಾಯಾರ, ಎರಡೂ ಕೈ ಮುಂದ ಮಾಡ್ರಿ' ಎಂದು ಲಡಿಯನ್ನು ನನ್ನ ಕೈಗೆ ತೊಡಿಸಿಬಿಟ್ಟರು. ಕೈ ಕಟ್ಟಿದ ಮೇಲೆ ಜಗಳ ಹೇಗೆ ಆಡುವುದು? ಐದು ನಿಮಿಷ ಬಿಟ್ಟು, 'ನಿಮಗ ಲಡಿ ಹಿಡ್ಯಾಕ ಬರತೈತಿ. ನೇಕಾರ ಮಂದಿ ಏನ್ರಿ?' ಎಂದು ಕೇಳಿದರು. ಅಪ್ಪ ತೀರಿದ ಮೇಲೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಹೋಗುತ್ತೇನೆ. ಕುಳಗೇರಿ ಕ್ರಾಸಿನಲ್ಲಿ ಚಹದಂಗಡಿ ಇಟ್ಟ ತಮ್ಮನ ಸುದ್ದಿ, ಬಾಗಲಕೋಟೆಯಲ್ಲಿ ಒಂದೇ ಕೋಣೆಯ ಮನೆಯಲ್ಲಿರುವ ಮಗಳು ಅಬೇದಾಳ ಸುದ್ದಿ, ಎಲ್ಲ ಹೇಳುತ್ತಾರೆ. ನನ್ನ ಮದುವೆಯ ಕುರಿತು ಅವರಿಗೂ ಒಂದು ಅಭಿಪ್ರಾಯವಿದೆ, ಎದುರಿಗೇ ಹೇಳುತ್ತಾರೆ. ಯಾವ ಮಾತು ಕೇಳಲಾರದೆ ಓಣಿ ಬಿಟ್ಟು ಬಂದೆನೋ ಅದನ್ನೇ ಕೇಳಲು ಈಗ ಗಡಿಯಾರ ನೋಡುತ್ತ ಕೂರುತ್ತೇನೆ. ಒಂದು ದಿನ ಜ್ವರ ಬಂದು ನಾನು ಹೋಗಲಿಲ್ಲ. ನಾಲ್ಕೂಕಾಲಿಗೆ ಬಂದು ಬಾಗಿಲು ಬಡಿದರು. ನಲವತ್ತೆರಡು ಮನೆಗಳ ಈ ಆಸ್ತಿಯಲ್ಲಿ ನಾನು ಹದಿನೈದು ನಿಮಿಷ ತಡವಾದದ್ದು ಗೊತ್ತಾಗುವ ಮನೆ ಅದೊಂದೇ.

ಸೋಮವಾರ ಮಲೀಕಸಾಬರು ತಮ್ಮ ನೋಟೀಸನ್ನು ಹರಿಯದಂತೆ ಬಿಡಿಸಿಕೊಂಡು ನೇರ ನನ್ನ ಹತ್ತಿರ ತಂದರು. ಕೋರ್ಟಿನ ಕಾಗದ ಓದಲು ಬರುವವಳು ನಾನಲ್ಲವೇ. 'ಕನ್ನಡ ಓದತೇನ್ರಿ, ಖರೆ ಇದು ತಿಳೀವಲ್ದು. ಭಾಳ ದೊಡ್ಡ ಮಾತ ಅದಾವು' ಎಂದರು. ಶಮಶಾದಬಿಯೂ ಬಂದು ಮೆಟ್ಟಿಲ ಮೇಲೆ ಕುಳಿತರು. ನಾನು ಓದಿದೆ. ಎರಡನೇ ಪರಿಚ್ಛೇದವನ್ನೂ ಓದಿದೆ, ಬಿಟ್ಟು ಓದೋಣವೆಂದರೆ ಮಲೀಕಸಾಬರು ಬೆರಳಿಟ್ಟು ಸಾಲು ನೋಡುತ್ತಿದ್ದರು. 'ಅಸಹ್ಯ ಅಂದ್ರ?' ಎಂದು ಅವರು ಕೇಳಿದರು. ಅರ್ಥ ಹೇಳಿದೆ.

ಶಮಶಾದಬಿ ತಮ್ಮ ಶೆಡ್ಡಿನ ಕಡೆ ತಿರುಗಿ ನೋಡಿದರು. ಆಮೇಲೆ, 'ದಿನಾ ಅಂಗಳಾ ಸಾರಸ್ತೇನಿ. ಇದನ್ನ ಬರದವರು ನಮ್ಮನಿ ಒಳಗ ಒಂದ ದಿನಾನೂ ಬಂದಿರಲಿಕ್ಕಿಲ್ಲ ನೋಡ್ರಿ' ಎಂದರು. 'ಯಾರ ಬರದಾರ ಬಾಯಾರ?'

'ಆಫೀಸಿನವರು' ಎಂದೆ.

ತಮ್ಮ ಮೇಲೆ ಹೊರಿಸಿದ ಆ ಸುಳ್ಳಿಗಾಗಿ ಕ್ಷಮೆ ಕೇಳುತ್ತೇನೆ. ಇನ್ನು ತಮ್ಮ ಪಾಲಿನ ತಪ್ಪಿಗೆ ಬರೋಣ.

ನೋಟೀಸು ಓದಿದ ಮರುದಿನವೇ ಹೋಗಿ ಈ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿ ತೆಗೆಸಿದೆ. ಗುಮಾಸ್ತರಿಗೆ ಗುಮಾಸ್ತರ ಭಾಷೆ ಗೊತ್ತಿರುತ್ತದೆ, ಎರಡೇ ದಿನದಲ್ಲಿ ಸಿಕ್ಕಿತು. ತಮ್ಮ ಕಚೇರಿಯ ಮೊಹರಿನ ಕೆಳಗೇ, ಗೇಟಿನ ಎಡಕ್ಕೆ, 'ಕಾವಲುಗಾರರ ವಸತಿ, ಹತ್ತು ಅಡಿ ಹನ್ನೆರಡು ಅಡಿ, ಶೌಚಾಲಯ ಸಹಿತ' ಎಂದು ಬರೆದಿದೆ. ಆ ಜಾಗದಲ್ಲಿ ಈಗ ಎರಡು ಹಂಸಗಳ ಕಾರಂಜಿ ಇದೆ. ಮನೆಗಳ ಫೋಟೋಗಳಲ್ಲಿ ಅದು ಚೆನ್ನಾಗಿ ಬರುತ್ತದೆ. ಉದ್ಘಾಟನೆಯ ದಿನ ಬಿಟ್ಟರೆ ಅದಕ್ಕೆ ನೀರು ಬಂದದ್ದನ್ನು ನಾನು ಕಂಡಿಲ್ಲ. ಹಾಗಾದರೆ ಅತಿಕ್ರಮಣ ಮಾಡಿದವರು ಯಾರು? ಇರಬೇಕಾದ ಕಡೆ ಮನೆ ಸಿಗದೆ ಪಕ್ಕಕ್ಕೆ ಸರಿದು ತಗಡು ಹೊದಿಸಿಕೊಂಡ ಇಬ್ಬರು ಮನುಷ್ಯರೋ, ಅವರ ಮನೆಯ ಮೇಲೆ ನಿಂತ ಆ ಸಿಮೆಂಟಿನ ಹಂಸಗಳೋ? ನೋಟೀಸಿನಲ್ಲಿ ತಾವು 'ಅನಧಿಕೃತ ವಾಸ' ಎಂದಿದ್ದೀರಿ. ಇಲ್ಲಿ ವಾಸವಿಲ್ಲದ ಅಧಿಕೃತ ಮನೆಗಳು ನಲವತ್ತೊಂದಿವೆ. ಅವುಗಳಿಗೂ ಒಂದೊಂದು ನೋಟೀಸು ಅಂಟಿಸುವ ಕಾನೂನು ತಮ್ಮ ಪುಸ್ತಕದಲ್ಲಿ ಇದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ಬೇಡಿಕೆ ಇದು. ನೋಟೀಸನ್ನು ಹಿಂಪಡೆಯಿರಿ. ನಕ್ಷೆಯಲ್ಲಿರುವ ವಸತಿಯನ್ನು ನಕ್ಷೆಯಲ್ಲಿರುವ ಜಾಗದಲ್ಲೇ ಕಟ್ಟಿಕೊಡಲು ಬಡಾವಣೆ ಮಾಡಿದವರಿಗೆ ಆದೇಶಿಸಿ. ಅದು ಕಟ್ಟಿ ಮುಗಿಯುವವರೆಗೆ ಶೆಡ್ಡಿನ ಒಂದು ತಗಡನ್ನೂ ಮುಟ್ಟಬೇಡಿ. ಅರ್ಜಿಯಿಂದ ನನ್ನ ಸಹಿಯನ್ನು ಹಿಂತೆಗೆದುಕೊಂಡಿದ್ದೇನೆ. ವಾಕ್ಯಗಳನ್ನೂ ಹಿಂತೆಗೆದುಕೊಳ್ಳಲು ಅವಕಾಶವಿದ್ದಿದ್ದರೆ ಅದಕ್ಕೆ ಬೇಕಾದ ಶುಲ್ಕ ತುಂಬುತ್ತಿದ್ದೆ.

ಈ ಪತ್ರ ಪತ್ರಿಕೆಯಲ್ಲಿ ಬಂದ ದಿನ ಬೇರೆಯವರ ಬಾಯಿಂದ ಶೆಡ್ಡಿನವರಿಗೆ ತಿಳಿಯುವುದು ಬೇಡ. ಶಮಶಾದಬಿಗೆ ಓದಲು ಬರುವುದಿಲ್ಲ. ನಾನೇ ತೆಗೆದುಕೊಂಡು ಹೋಗಿ ಅವರ ಮುಂದೆ ಕುಳಿತು, ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ ಓದುತ್ತೇನೆ. ಕೇಳಿದ ಮೇಲೆ ಅವರು ನನ್ನನ್ನು ಮಾತಾಡಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಮಾತಾಡಿಸದಿದ್ದರೂ ಅವರು ಅಲ್ಲೇ ಇರಬೇಕು. ನನ್ನನ್ನು ಕ್ಷಮಿಸುವುದು ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಮಾನ್ಯರೇ. ಶೆಡ್ಡು ಬರುತ್ತದೆ. ಅದಷ್ಟನ್ನು ಮಾಡಿ.

ಇಂತಿ,
ತಮ್ಮ ನೋಟೀಸಿನ ಎರಡನೇ ಪರಿಚ್ಛೇದವನ್ನು ಬರೆದ ತಪ್ಪಿತಸ್ಥೆ,
ಕನಕಾಂಬರಿ ವಿಲ್ಲಾಸಿನ ಏಕೈಕ ಅಧಿಕೃತ ನಿವಾಸಿ,
ಮಹಾನಂದಾ
ನಿವೃತ್ತ ಶಿರಸ್ತೇದಾರ