ವನೆಸ್ಸಾಳ ಮದುವೆಗೆ ಪಪ್ಪ ಆರಿಸಿದ ವೈನ್

ಶಿರ್ವ
೧೨ ನವೆಂಬರ್ ೨೦೨೪

ಪ್ರೀತಿಯ ಪುತಾ ಡೆನ್ವರ್,

ನಿನ್ನ ಬೆನ್ನುನೋವು ಹೇಗುಂಟು? ಆಫೀಸಿನವರು ಕುರ್ಚಿ ಬದಲಿಸಿಕೊಡುತ್ತೇವೆ ಎಂದಿದ್ದರಲ್ಲ, ಕೊಟ್ಟರಾ? ಜೆನಿಫರ್ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದಮೇಲೆ ಸರಿಯಾಗಿ ನಿದ್ದೆ ಮಾಡುತ್ತಾಳಾ? ತೃಷಾಳ ಕೆಮ್ಮಿಗೆ ಔಷಧಿಗಿಂತ ಮೊದಲು ಆ ಎಸಿ ಕಡಿಮೆ ಮಾಡಿ. ಬಹರೈನಿನ ಸೆಕೆಗಿಂತ ನಿಮ್ಮ ಎಸಿಯೇ ಮಗುವಿಗೆ ಕೆಟ್ಟದ್ದು ಮಾಡುತ್ತಿದೆ ಎಂದು ನನ್ನ ಗುಮಾನಿ. ಕಾಪುವಿನ ನನ್ನ ತಂಗಿಯ ಮಗ ರೋನಿ ಮಡಗಾಂವಿನ ಕೆಲಸ ಬಿಟ್ಟು ನಿಮ್ಮೂರಿಗೇ ಬರುತ್ತಿದ್ದಾನೆ. ಅವನ ಕೈಯಲ್ಲಿ ಹಂದಿಮಾಂಸಕ್ಕೆ ಹಾಕುವ ಬಾಫಾತಿನ ಪುಡಿ, ಹಪ್ಪಳ, ಜೊತೆಗೆ ಈ ಕಾಗದ ಕೊಟ್ಟಿದ್ದೇನೆ. ಪುಡಿಯ ಡಬ್ಬವನ್ನು ಬಿಗಿಯಾಗಿ ಮುಚ್ಚಿಡಲು ಜೆನಿಫರಿಗೆ ಹೇಳು.

ಮಮ್ಮಿ ಇಷ್ಟು ವರ್ಷದ ಮೇಲೆ ಕಾಗದ ಬರೆದಿದ್ದಾಳೆ, ಅದೂ ಕನ್ನಡದಲ್ಲಿ ಎಂದು ನಗಬೇಡ. ಫೋನ್ ಮಾಡಿದರೆ ನಿನ್ನ ಪಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕುಳಿತುಬಿಡುತ್ತಾರೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಫೋನು ನನಗಿಂತ ಹೆಚ್ಚು ಅವರ ಕೈಯಲ್ಲೇ ಇರುತ್ತದೆ. ಆದರೆ ಬಾಂದ್ರಾದಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಅವರಿಗೆ ಇಂದಿಗೂ ಬಸ್ಸಿನ ಕನ್ನಡ ಬೋರ್ಡು ಓದಲು ಬರುವುದಿಲ್ಲ. ನಾನು ಕನ್ನಡ ಟೀಚರಾಗಿ ರಿಟೈರ್ ಆದವಳು, ನೀನು ಏಳನೆಯವರೆಗೆ ನನ್ನದೇ ಶಾಲೆಯಲ್ಲಿ ಓದಿದವನು. ಈಗ ಅವರು ಎದುರಿನ ಕುರ್ಚಿಯಲ್ಲೇ ಇದ್ದಾರೆ. ಯಾರಿಗೆ ಬರೆಯುವುದು ಎಂದು ಕೇಳಿದರು. ಡೆನ್ವರನಿಗೆ ಬಾಫಾತ್ ಮಾಡುವ ಕ್ರಮ ಎಂದೆ. "ಉಪ್ಪು ಸ್ವಲ್ಪ ಕಡಿಮೆ ಬರೆ" ಎಂದರು.

ಹೆಸರಿಲ್ಲದ ವೈನಿನ ಹುಚ್ಚು ಅವರಿಗೆ ಹಿಡಿದದ್ದು ನಿನಗೆ ಗೊತ್ತು. ದೊಡ್ಡ ದೊಡ್ಡ ತೋಟದವರು ಮಾರಾಟವಾಗದೆ ಉಳಿದ ವೈನನ್ನು ಲೇಬಲ್ ಹಚ್ಚದೆ ಅರ್ಧ ಬೆಲೆಗೆ ಇಂಟರ್‌ನೆಟ್ಟಿನಲ್ಲಿ ಬಿಡುತ್ತಾರಂತೆ. ಸೀಸೆಯ ಮೇಲೆ ಒಂದು ನಂಬರ್ ಬಿಟ್ಟರೆ ಏನೂ ಇಲ್ಲ. ಯಾವ ತೋಟ, ಯಾವ ವರ್ಷ ಎಂದು ಕುಡಿದವನೇ ಕಂಡುಹಿಡಿಯಬೇಕು. ಉಡುಪಿಗೆ ಕಳುಹಿಸುವುದಿಲ್ಲ ಎಂದು ಪಪ್ಪ ರೋನಿಯ ಮಡಗಾಂವಿನ ಕೋಣೆಯ ವಿಳಾಸ ಕೊಡುತ್ತಿದ್ದರು. ಅವನು ಊರಿಗೆ ಬರುವಾಗ ಬಟ್ಟೆಯ ನಡುವೆ ಸುತ್ತಿ ತರುತ್ತಿದ್ದ. ಭಾನುವಾರ ಚರ್ಚಿನ ಪೂಜೆ ಮುಗಿಸಿ ನಾಲ್ಕು ಜನ ನಮ್ಮ ಜಗಲಿಗೆ ಬರುತ್ತಿದ್ದರು. ಪಪ್ಪ ಬಿಳಿ ಮೇಜುವಸ್ತ್ರದ ಎದುರು ಗ್ಲಾಸ್ ಓರೆ ಹಿಡಿದು ಬಣ್ಣ ನೋಡುವುದು, ತಿರುಗಿಸುವುದು, ಮೂಗನ್ನು ಗ್ಲಾಸಿನೊಳಗೆ ಇಳಿಸಿ ಕಣ್ಣು ಮುಚ್ಚುವುದು. ಆಮೇಲೆ "ನಾಸಿಕದ್ದು, ಓಕ್ ಮರದ ಪೀಪಾಯಿಯಲ್ಲಿ ಎರಡು ವರ್ಷ ಕೂತದ್ದು" ಎಂದು ತೀರ್ಪು. "ಲೇಬಲ್ ಓದುವವರು ಕಣ್ಣಿನಿಂದ ಕುಡಿಯುತ್ತಾರೆ, ನಾನು ಮೂಗಿನಿಂದ" ಎನ್ನುವುದು ಅವರ ಮಾತು. ಮುಂಬಯಿಯ ಹೋಟೆಲಿನಲ್ಲೂ ಹಡಗಿನಲ್ಲೂ ಜೀವಮಾನವಿಡೀ ವೈನ್ ಬಡಿಸಿದವರು ಹಾಗೆಂದರೆ ಇಲ್ಲವೆನ್ನುವವರು ಯಾರು? ಅವರು ಕರಿಮೆಣಸಿನ ವಾಸನೆ ಎಂದರೆ ಉಳಿದವರ ಮೂಗಿಗೂ ಕರಿಮೆಣಸೇ ಬರುತ್ತಿತ್ತು.

ಆ ಮೂಗಿನ ಕೈಯಲ್ಲಿ ನಾನೂ ನೀನೂ ಎಷ್ಟು ಅನುಭವಿಸಿದ್ದೇವೆ ಎಂದು ಬರೆಯಬೇಕಾಗಿಲ್ಲ. ಬಂದವರ ಮುಂದೆ ಮೀನಿನ ಸಾರನ್ನು ಬಾಯಿಗಿಟ್ಟು ತಟ್ಟೆಗೇ ಉಗುಳಿ "ರೋಸಿ ಇದನ್ನು ಯಾವ ಸಿಟ್ಟಿನಲ್ಲಿ ಮಾಡಿದಳೋ" ಎನ್ನುವರು, ಬಂದವರು ನಗುವರು, ನಾನೂ ನಗುವೆ. ನೀನು ಮೊದಲ ಸಂಬಳದಲ್ಲಿ ತಂದ ಕೇಕನ್ನು ಮೂಸಿ ನೋಡಿ ನಾಯಿಗೆ ಹಾಕಿಸಿದರು. ನಾನು ಪ್ರತಿ ವರ್ಷ ಭರಣಿಯಲ್ಲಿ ದ್ರಾಕ್ಷಿ, ಗೋಧಿ, ಸಕ್ಕರೆ ಹಾಕಿ ದಿನಾ ಕದಡಿ ವೈನ್ ಮಾಡುವುದು. ಕ್ರಿಸ್ಮಸ್ ದಿನ ಅವರು ಒಂದು ಗುಟುಕು ಕುಡಿದು ಉಳಿದದ್ದನ್ನು ಅಂಗಳದ ತೆಂಗಿನ ಬುಡಕ್ಕೆ ಸುರಿದು "ಮರಕ್ಕೂ ಹಬ್ಬ ಬೇಡ್ವಾ" ಎನ್ನುವುದು. ಆದರೂ ನಾನು ಮರುವರ್ಷ ಮತ್ತೆ ಮಾಡುತ್ತಿದ್ದೆ. ಒಂದು ವರ್ಷವಾದರೂ ಚೆನ್ನಾಗಿದೆ ಎಂದಾರು ಎಂಬ ಆಸೆ ನನ್ನಂಥ ಓದಿದವಳಿಗೂ ಬಿಡಲಿಲ್ಲ ನೋಡು.

ಈ ಸಲ ಮಳೆಗಾಲ ಶುರುವಾದಾಗ ಒಂದು ಬೆಳಿಗ್ಗೆ ಒಲೆಯ ಮೇಲೆ ಒಣ ಸಿಗಡಿ ಹುರಿಯಲಿಟ್ಟು, ಗೇಟಿನ ಹತ್ತಿರ ಹಾಲಿನವನೊಂದಿಗೆ ಮಾತಿಗೆ ನಿಂತುಬಿಟ್ಟೆ. ವಾಸನೆ ರಸ್ತೆಯವರೆಗೆ ಬಂತು. ಓಡಿ ಒಳಗೆ ಬಂದರೆ ಬಾಣಲೆ ಕರಿ ಹಿಡಿದು ಹೊಗೆ ಏಳುತ್ತಿದೆ. ಪಪ್ಪ ಒಲೆಗೆ ಬೆನ್ನು ಹಾಕಿ ಅಡಿಗೆಮನೆಯ ಮೇಜಿನಲ್ಲೇ ಪೇಪರ್ ಓದುತ್ತಾ ಕುಳಿತಿದ್ದಾರೆ. ಒಣಮೀನು ಮನೆಗೆ ಬಂದರೆ ಉಪ್ಪರಿಗೆಯಿಂದ ಬೈಯುವ ಮನುಷ್ಯ. "ಎಂತ ಓಡಿ ಬಂದದ್ದು?" ಎಂದು ಕೇಳಿದರು. ಏನಿಲ್ಲ ಎಂದು ಒಲೆ ಆರಿಸಿದೆ. ಆ ವಾರವೆಲ್ಲ ನಾನು ಪರೀಕ್ಷೆ ಮಾಡಿದೆ. ಕೈಗೆ ಸೀಮೆಎಣ್ಣೆ ಸವರಿಕೊಂಡು ಚಹಾ ಕೊಟ್ಟೆ. ಹಳಸಿದ ತೊಗರಿಬೇಳೆ ಸಾರನ್ನು ಅವರ ಪಕ್ಕದಲ್ಲಿಟ್ಟೆ. ಏನೂ ಇಲ್ಲ. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತದೆ, ಹಾಗಾಗಿ ಅವರಿಗೇ ಗೊತ್ತಾಗಿರಲಿಲ್ಲ. ಭಾನುವಾರದ ತೀರ್ಪೆಲ್ಲ ಬಣ್ಣ ನೋಡಿ, ಹಳೆಯ ಮಾತುಗಳನ್ನು ನೆನಪಿನಿಂದ ತೆಗೆದು ಹೇಳುತ್ತಿದ್ದದ್ದು.

ಆ ಭಾನುವಾರ ಇಪ್ಪತ್ಮೂರು ನಂಬರಿನ ಸೀಸೆಯನ್ನು ಒಳಗೇ ತೆರೆದು, ಅದನ್ನು ಬೇರೆ ಪಾತ್ರೆಗೆ ಬಗ್ಗಿಸಿಟ್ಟು, ಅದರಲ್ಲಿ ಕಳೆದ ಕ್ರಿಸ್ಮಸ್ಸಿನ ನನ್ನ ವೈನ್ ತುಂಬಿ ಜಗಲಿಗೆ ತಂದೆ. ಪಪ್ಪ ಗ್ಲಾಸ್ ತಿರುಗಿಸಿದರು, ಮೂಗು ಇಳಿಸಿದರು, ಕಣ್ಣು ಮುಚ್ಚಿಕೊಂಡೇ "ಇದು ನಮ್ಮ ದೇಶದ್ದಲ್ಲ. ಪೋರ್ಚುಗಲ್ಲಿನದ್ದು. ಇದನ್ನು ಮಾಡಿದವನಿಗೆ ತಾಳ್ಮೆ ಉಂಟು" ಎಂದರು. ಎಲ್ಲರೂ ಎರಡನೆಯ ಸಲ ಕೇಳಿ ಕುಡಿದರು. ನಾನು ಒಳಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ನಿಂತೆ. ಇಷ್ಟು ವರ್ಷ ಕಾದ ಮಾತು ಬಂತು, ಮೂಗಿಲ್ಲದವನ ಬಾಯಿಂದ ಬಂತು. ಅದನ್ನು ಏನು ಮಾಡಲಿ ಹೇಳು. ಅತ್ತೆನೋ ನಕ್ಕೆನೋ ಎಂದು ನೀನು ಕೇಳಬಹುದು. ಎರಡೂ ಅಲ್ಲ. ಇವರನ್ನು ಹತ್ತು ಜನರ ಮುಂದೆ ನಿಲ್ಲಿಸಬೇಕು ಎಂದುಕೊಂಡೆ.

ನಮ್ಮ ಜಗಲಿಗೆ ಬರುತ್ತಿದ್ದ ಲೂಯಿಸ್ ಅಂಕಲ್ ತಮ್ಮ ಮಗಳು ವನೆಸ್ಸಾಳ ಮದುವೆ ಅಕ್ಟೋಬರಿಗೆ ಎಂದು ಹೇಳಿದಾಗ ನಾನು ಏನೂ ಹೂಡಬೇಕಾಗಿ ಬರಲಿಲ್ಲ. ಅವರೇ "ಟೋಸ್ಟಿನ ವೈನ್ ನಿನ್ನ ಮೂಗಿಗೆ ಬಿಟ್ಟಿದ್ದೇನೆ ಫೌಸ್ಟಿನ್" ಎಂದರು. ಪಪ್ಪ ಮೂರು ಬೇರೆ ಬೇರೆ ನಂಬರಿನ ಒಂದೊಂದು ಸೀಸೆ ತರಿಸಿ, ನಾವಿಬ್ಬರೇ ಇದ್ದ ಒಂದು ಸಂಜೆ ತೆರೆದರು. ಎರಡು ಚೆನ್ನಾಗಿಯೇ ಇದ್ದವು. ಮೂರನೆಯದರ ಬಿರಡೆ ತೆಗೆದ ಕೂಡಲೇ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಒದ್ದೆ ಗೋಣಿಯ ವಾಸನೆ ನನ್ನ ಮೂಗಿಗೆ ಹೊಡೆಯಿತು. ಇಂಥ ಕೆಟ್ಟ ಸರಕನ್ನು ಸಾಗಹಾಕಲೂ ಲೇಬಲ್ ತೆಗೆಯುತ್ತಾರೆ ಎಂದು ನನಗೆ ಅಂದೇ ತಿಳಿಯಿತು. ಪಪ್ಪ ಅದನ್ನೇ ಬಾಯಲ್ಲಿ ಆಡಿಸಿ "ಎಲ್ಲಕ್ಕಿಂತ ಶುದ್ಧ ಇದೇ. ಇದನ್ನೇ ಪೆಟ್ಟಿಗೆಗಟ್ಟಲೆ ತರಿಸುವ" ಎಂದರು. ನನಗೆ ಒಂದು ಮಾತು ಹೇಳಲು ಬೇಕಾದಷ್ಟು ಸಮಯವಿತ್ತು. ನಾನು ಗ್ಲಾಸುಗಳನ್ನು ತೊಳೆದಿಟ್ಟೆ.

ಮದುವೆ ಕಾರ್ಕಳದಲ್ಲಿ. ಹಾಲ್ ತುಂಬಿತ್ತು. ಪಪ್ಪ ಹಡಗಿನ ಕಾಲದ ಕೋಟು ಹಾಕಿದ್ದರು. ಕೇಕ್ ಕತ್ತರಿಸಿದ ಮೇಲೆ ಟೋಸ್ಟಿಗೆ ಮೊದಲು ವೈನಿನ ಬಗ್ಗೆ ಎರಡು ಮಾತಾಡಲು ಅವರನ್ನೇ ಕರೆದರು. ಅವರು ಮೈಕ್ ಹಿಡಿದು ಚೆರ್ರಿ ಹಣ್ಣು, ಒಳ್ಳೆಯ ಮಣ್ಣು, ದೇವದಾರು ಮರ ಎನ್ನುತ್ತಾ ಹೋದ ಹಾಗೆ ಹುಡುಗರು ಟ್ರೇಗಳಲ್ಲಿ ಗ್ಲಾಸ್ ಹಂಚಿದರು. ಎಲ್ಲರೂ ಎದ್ದು ನಿಂತು ಗ್ಲಾಸ್ ಎತ್ತಿದರು, ಬಾಯಿಗಿಟ್ಟರು, ಇಳಿಸಿದರು. ಮದುಮಗನ ಅಜ್ಜಿ ಕರವಸ್ತ್ರಕ್ಕೆ ಉಗುಳಿದಳು. ಬಾಗಿಲ ಕಡೆಯಿಂದ ಯಾರೋ "ನೆಲ ಒರೆಸಿದ ಬಟ್ಟೆ ಹಿಂಡಿದ್ದಾರೆ ಮಾರಾಯ" ಎಂದರು, ನಗು ಎದ್ದಿತು. ವನೆಸ್ಸಾ ಗ್ಲಾಸ್ ಹಿಡಿದುಕೊಂಡೇ ತನ್ನ ಅಪ್ಪನ ಮುಖ ನೋಡುತ್ತಿದ್ದಳು. ಪಪ್ಪ ತಮ್ಮ ಗ್ಲಾಸನ್ನು ಪೂರ್ತಿ ಕುಡಿದರು, ಮತ್ತೊಂದನ್ನು ತೆಗೆದುಕೊಂಡು ಅದನ್ನೂ ಕುಡಿದರು. ಆಗ ಅವರ ಮುಖದಲ್ಲಿ ಏನೋ ಕದಲಿತು. ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದರು. "ರೋಸಿ, ನೀನು ಹೇಳು. ಚೆನ್ನಾಗಿಲ್ವಾ ಇದು?"

ಸಂಸಾರ ಶುರುಮಾಡಿದ ಮೇಲೆ ಮೊದಲ ಸಲ ನನ್ನನ್ನು ಹಾಗೆ ಕೇಳಿದ್ದು. ಮೈಕ್ ಇನ್ನೂ ಅವರ ಕೈಯಲ್ಲೇ ಇತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಕಿವಿಯಲ್ಲಿ ಹೇಳಿ ಹೊರಗೆ ಕರೆದುಕೊಂಡು ಹೋಗಬಹುದಿತ್ತು. ನಾನು ಮೈಕಿಗೆ ಬಾಯಿ ಕೊಟ್ಟೆ. "ಒದ್ದೆ ಗೋಣಿಯ ವಾಸನೆ ಬರ್ತಾ ಉಂಟು ಫೌಸ್ಟಿನ್. ನಿಮಗೆ ಮೂಗು ಇಲ್ಲ. ಮಳೆಗಾಲದಿಂದ ಇಲ್ಲ." ಹಾಲಿನ ನಾಲ್ಕು ಮೂಲೆಯ ಸ್ಪೀಕರಿನಲ್ಲೂ ನನ್ನ ದನಿ ಕೇಳಿಸಿತು. ಆಮೇಲೆ ಎದ್ದ ನಗುವಿನಲ್ಲಿ ನಮ್ಮ ಜಗಲಿಯ ಉಳಿದ ಮೂವರೂ ಸೇರಿದ್ದರು. ಲೂಯಿಸ್ ಅಂಕಲ್ ನಗಲಿಲ್ಲ. ನಾವು ಕಾರು ಹತ್ತುವಾಗ ಬಂದು ಪಪ್ಪನ ಕಡೆ ನೋಡದೆ ನನ್ನನ್ನೇ ಕೇಳಿದರು: "ನಿಮಗೆ ಗೊತ್ತಿತ್ತು ಅಂದಮೇಲೆ ನನ್ನ ಮಗಳ ಮದುವೆಯೇ ಬೇಕಿತ್ತಾ ರೋಸಿಬಾಯಿ?" ನಾನು ಕಾರಿನ ಬಾಗಿಲು ಎಳೆದುಕೊಂಡೆ. ಈಗ ಅವರು ಪೂಜೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ವನೆಸ್ಸಾ ಮದುವೆಯ ಫೋಟೋ ಕಳುಹಿಸಿಲ್ಲ.

ಪಪ್ಪ ಮನೆಗೆ ಬಂದವರೇ ಕೋಟು ಬಿಚ್ಚದೆ ಅಡಿಗೆಮನೆಗೆ ಹೋದರು. ಕಾಫಿಪುಡಿಯ ಡಬ್ಬ ತೆರೆದು ಮೂಸಿದರು. ಲವಂಗ, ಏಲಕ್ಕಿ, ಹಿಂಗು, ವಿನೆಗರ್, ಒಣ ಸಿಗಡಿ, ಕೊನೆಗೆ ಫಿನೈಲ್. ಪ್ರತಿಯೊಂದನ್ನೂ ಮುಚ್ಚಿ ಅದರ ಜಾಗದಲ್ಲೇ ಇಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. "ಯಾವಾಗಿಂದ ಗೊತ್ತು ನಿನಗೆ?" ಎಂದರು. ಹೇಳಿದೆ. "ನನಗೆ ಹೇಳಬಹುದಿತ್ತು." ನೀವು ಕೇಳಲಿಲ್ಲ ಎಂದೆ. ಅವರು ಮೇಜಿನ ಹತ್ತಿರ ಕುಳಿತರು. ನಾನು ಅನ್ನ ಬಡಿಸಿದೆ.

ಆಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಮೂಗಿನ ನರ ಸೋತಿದೆ, ಮಾತ್ರೆ ತೆಗೆದುಕೊಳ್ಳಬೇಕು ಎಂದು ಹೇಳಿದ್ದೇನೆ. ಕ್ರಿಸ್ಮಸ್ಸಿಗೆ ಸರಿಯಾದೀತಾ ಎಂದು ದಿನಾ ಕೇಳುತ್ತಾರೆ, ಆದೀತು ಎನ್ನುತ್ತೇನೆ. ಈಗ ಊಟಕ್ಕೆ ಕುಳಿತರೆ ಮೊದಲ ತುತ್ತು ಬಾಯಿಗಿಟ್ಟು ನನ್ನ ಮುಖ ನೋಡುತ್ತಾರೆ. "ಹೇಗಾಗಿದೆ ಇವತ್ತು?" ಎನ್ನುತ್ತಾರೆ. ಒಳ್ಳೆಯ ಅಂಜಲ್ ಮಾಡಿದ ದಿನ, ಅಷ್ಟೇನಿಲ್ಲ, ಹಳೆ ಮೀನು ಎಂದುಬಿಡುತ್ತೇನೆ. ತಲೆಯಾಡಿಸಿ ಅರ್ಧಕ್ಕೇ ಏಳುತ್ತಾರೆ. ನಮ್ಮ ಮನೆಯಲ್ಲಿ ಈಗ ನಾನು ಹೇಳಿದ್ದೇ ರುಚಿ.

ರೋನಿಗೆ ಬಸ್ಸಿನ ಹೊತ್ತಾಯಿತು. ಜೆನಿಫರಿಗೆ ನನ್ನ ನೆನಪು ಹೇಳು. ತೃಷಾಳ ಹಣೆಗೆ ನನ್ನ ಹೆಸರಿನಲ್ಲಿ ಶಿಲುಬೆಯ ಗುರುತು ಹಾಕು. ದೇವ್ ಬರೆಂ ಕರುಂ, ಪುತಾ. ಬೆನ್ನು ಬಗ್ಗಿಸಿ ಭಾರ ಎತ್ತಬೇಡ.

ನಿನ್ನ ಮಮ್ಮಿ,
ರೋಸಿ

ತಾ.ಕ.: ಅವರಿಗೆ ಕನ್ನಡ ಓದಲು ಬಾರದಿದ್ದರೂ ನನ್ನ ಮುಖ ಓದಿಯಾರು ಎಂದು ಇಷ್ಟನ್ನು ಉಳಿಸಿಕೊಂಡಿದ್ದೆ. ಈಗ ಸ್ನಾನಕ್ಕೆ ಹೋಗಿದ್ದಾರೆ. ಮೂಗಿನ ಡಾಕ್ಟರು ನರದ ಡಾಕ್ಟರ ಹತ್ತಿರ ಕಳುಹಿಸಿದರು. ಅವರು ಪಪ್ಪನನ್ನು ನಡೆಸಿ, ಬೆರಳು ಆಡಿಸಲು ಹೇಳಿ, ಸಹಿ ಹಾಕಿಸಿ ನೋಡಿದರು. ಆಮೇಲೆ ಪಪ್ಪನನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಪಾರ್ಕಿನ್ಸನ್. ವಾಸನೆ ಮೊದಲು ಹೋಗುವುದುಂಟಂತೆ, ಕೈ ನಡುಗುವುದು, ಮೈ ಬಿಗಿಯುವುದು ಆಮೇಲೆ. ಹೋದ ಮೂಗು ಬರುವುದಿಲ್ಲ. ಅವರಿಗೂ ಹೇಳಬೇಕು ಎಂದರು ಡಾಕ್ಟರು; ಮನೆಯಲ್ಲಿ ನಾನೇ ನಿಧಾನಕ್ಕೆ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮೊದಲ ದಿನ ಪಾಪ ಕಂಡು ಹೇಳಲಿಲ್ಲ. ಮರುದಿನ ತಟ್ಟೆಯ ಮುಂದೆ ನನ್ನ ಮಾತಿಗೆ ಕಾದು ಕುಳಿತಿದ್ದರು. ಆಗ ಹೇಳದೆ ಇದ್ದದ್ದು ಪಾಪ ಕಂಡು ಅಲ್ಲ. ಇಂಗ್ಲಿಷ್ ಓದುತ್ತಾರಲ್ಲ, ಅದಕ್ಕೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿಟ್ಟಿದ್ದೇನೆ. ಜೆನಿಫರ್ ನರ್ಸ್, ಹಳದಿ ಬಣ್ಣದ್ದು ದಿನಕ್ಕೆ ಮೂರು ಎಂದು ಪಪ್ಪ ಫೋನಿನಲ್ಲಿ ಹೇಳಿದರೂ ಸಾಕು, ಅವಳಿಗೆ ಗೊತ್ತಾಗಿಬಿಡುತ್ತದೆ. ಭಾನುವಾರ ಫೋನ್ ಮಾಡುವಾಗ ಅವಳನ್ನು ಹತ್ತಿರ ಕೂರಿಸಿಕೊಳ್ಳಬೇಡ.