ಮೂವತ್ತೆಂಟು ಪದರ

೨೦ ನವೆಂಬರ್ ೨೦೨೫, ಗುರುವಾರ, ಅಮಾವಾಸ್ಯೆ

ಬಲಗೈ ಊದಿದೆ, ಪೆನ್ನು ಸರಿಯಾಗಿ ನಿಲ್ಲುತ್ತಿಲ್ಲ. ಆದರೂ ಬರೆಯಬೇಕು. ಇವತ್ತು ಕೊಟ್ರಯ್ಯನಿಗೆ ಹೊಡೆದೆ. ನಮ್ಮ ಲ್ಯಾಬಿನ ಅಟೆಂಡರ್, ನನ್ನ ಅಪ್ಪನ ವಯಸ್ಸಿನವನು. ಅಂಗಿ ಹಿಡಿದು ಕಬ್ಬಿಣದ ಬೀರುವಿಗೆ ಅಪ್ಪಳಿಸಿದೆ. ಹುಬ್ಬು ಒಡೆದು ರಕ್ತ ಸುರಿಯಿತು. ರಕ್ತ ಕಂಡ ಮೇಲೂ ಹೊಡೆದೆ.

ಮೂರು ದಿನದಿಂದ ಲ್ಯಾಬಿನ ಮಷೀನಿನ ತೊಟ್ಟಿಯಲ್ಲಿ, ನೀರಿನ ಮೇಲೆ ಒಂದೇ ಅಣುವಿನಷ್ಟು ತೆಳ್ಳಗಿನ ಪೊರೆ ಹರಡಿ, ಗಾಜಿನ ಪಟ್ಟಿಯನ್ನು ಅದ್ದಿ ಎತ್ತಿ, ಪದರದ ಮೇಲೆ ಪದರ ಕೂರಿಸುತ್ತಿದ್ದೆ. ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತರೆ, ಕಣ್ಣಿಗೆ ಕಾಣದ ಲೇಸರ್ ಅದನ್ನು ಹಾದು ಹಸಿರಾಗಿ ಹೊರಬರುತ್ತದೆ. ನಲವತ್ತು ಪದರ ಬೇಕಿತ್ತು. ಮೂವತ್ತೆಂಟು ಆಗಿದ್ದವು. ಗಾಜನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸಿ ಚಹಾಕ್ಕೆ ಹೋದೆ.

ಬಂದು ನೋಡಿದರೆ ತೊಟ್ಟಿಯ ಅಂಚಿಗೆ ಮೂರು ಬೆರಳಿನ ವಿಭೂತಿ, ಪಕ್ಕದಲ್ಲಿ ಊದಿನಕಡ್ಡಿ. ನೀರಿನ ಮೇಲೆ ಬೂದಿ ತೇಲುತ್ತಿತ್ತು.

“ಅಮಾಸಿ ಪೂಜಿ ಮಾಡೀನ್ರಿ ಸರ್,” ಅಂದ ಕೊಟ್ರಯ್ಯ. “ಈ ಮಷೀನಿಗೆ ಇನ್ನ ದೇವರೇ ಗತಿ ಅಂತ ನಿನ್ನೆ ನೀವೇ ಅಂದ್ರಲ್ರಿ.”

ಅಂದಿದ್ದೆ. ಅದು ನೆನಪಾಗಿಯೇ ಇನ್ನಷ್ಟು ಉರಿಯಿತು. ಗಾಜಿನ ಪಟ್ಟಿಯನ್ನು ಕಿತ್ತು ನೆಲಕ್ಕೆ ಬಡಿದೆ, ಚೂರುಗಳನ್ನು ಬೂಟಿನಿಂದ ತುಳಿದೆ, ಆಮೇಲೆ ಅವನ ಮೇಲೆ ಬಿದ್ದೆ.

ಕೈ ಸೋತು ನಿಂತಾಗ ಅವನು ಹುಬ್ಬಿಗೆ ಟವೆಲ್ ಒತ್ತಿಕೊಂಡು ಚೂರುಗಳನ್ನೇ ನೋಡುತ್ತಿದ್ದ.

“ಗಾಜು ನಾ ಮುಟ್ಟಿದ್ದಿಲ್ರಿ ಸರ್. ಅದನ್ನ ಮುಟ್ಟಬ್ಯಾಡ ಅಂತ ನೀವೇ ಹೇಳಿದ್ರಿ.”

ನಿಜ. ತೊಟ್ಟಿಯ ನೀರು ಬದಲಿಸಿ ಉಳಿದೆರಡು ಪದರ ಕೂರಿಸಿದ್ದರೆ ಸಾಕಿತ್ತು.